ನಡೆ ಪದದ ಅಧಿಕೃತ ಅರ್ಥ

ರಸ್ತೆಗಳು ವಾಹನಗಳಿಗಾಗಿ ನಿರ್ಮಾಣವಾಗಿವೆ. ಅವುಗಳ ಮೇಲೆ ಮಕ್ಕಳೂ ಕಂಡುಬರುತ್ತಾರೆ ಎಂಬ ಸಂಗತಿ ರಸ್ತೆ ಇಲಾಖೆಯ ಗಮನಕ್ಕೆ ಬಂದದ್ದು ಇತ್ತೀಚೆಗೆ. ಅದಕ್ಕೆ ಮೊದಲು ಮಕ್ಕಳು ಇರಲಿಲ್ಲವೆಂದಲ್ಲ, ಗಮನ ಇರಲಿಲ್ಲ.

ಗಮನಕ್ಕೆ ತಂದವನು ಒಬ್ಬ ಲಾರಿ ಚಾಲಕ. ಶಾಲೆಯ ಎದುರಿನ ತಿರುವಿನಲ್ಲಿ ಆತ ಚೋಟಿ ಎಂದು ಎಲ್ಲರೂ ಕರೆಯುವ ಐದನೇ ತರಗತಿಯ ಹುಡುಗಿಯೊಬ್ಬಳ ಸೈಕಲ್ಲಿನ ಹಿಂಚಕ್ರವನ್ನು ಸೊಟ್ಟ ಮಾಡಿಹೋದ. ಚೋಟಿಯ ಬಲಗೈ ಮುರಿಯಿತು. ಲಾರಿಗೆ ಏನೂ ಆಗಲಿಲ್ಲ ಎಂಬುದನ್ನು ಇಲಾಖೆ ತನ್ನ ಮೊದಲ ವರದಿಯಲ್ಲೇ ಸಮಾಧಾನದಿಂದ ನಮೂದಿಸಿದೆ.

ಆ ತಿರುವು ಬರುತ್ತಿದ್ದದ್ದು ಕಿರಿಯ ಎಂಜಿನಿಯರರೊಬ್ಬರ ವ್ಯಾಪ್ತಿಗೆ. ಕಿರಿಯ ಎಂದರೆ ವಯಸ್ಸಲ್ಲ, ಹುದ್ದೆ. ತಲೆ ಪೂರ್ತಿ ನರೆತಿತ್ತು. ಹುದ್ದೆ ಬೆಳೆಯಲಿಲ್ಲವೆಂದು ಮನುಷ್ಯ ಬೆಳೆಯುವುದನ್ನು ಬಿಡಲಾಗುತ್ತದೆಯೇ? ಮೇಲಿನವರು ಏನು ಹೇಳಿದರೂ "ಆಗಲಿ ಸಾರ್" ಎನ್ನುವುದು ಅವರ ಅಭ್ಯಾಸವಾದ್ದರಿಂದ ಕಚೇರಿಯಲ್ಲಿ ಅವರಿಗೆ ಆಗಲಿ ಸಾಹೇಬರು ಎಂದೇ ಹೆಸರು. ಒಮ್ಮೆ ಅವರ ಕುರ್ಚಿಯನ್ನೇ ಬೇರೆಯವರಿಗೆ ಕೊಡುತ್ತೇವೆಂದಾಗಲೂ ಆಗಲಿ ಎಂದು ಎದ್ದು ನಿಂತವರು, ಮಧ್ಯಾಹ್ನದ ಊಟದವರೆಗೂ ನಿಂತೇ ಇದ್ದರು.

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಚೋಟಿಯ ಕೈಗೆ ಪಟ್ಟಿ ಹಾಕುವಾಗ ಇನ್ನೊಂದು ಕೈ ಹಿಡಿದುಕೊಂಡಿದ್ದವಳು ಅವಳೇ. ಮಗಳು ಪುಟ್ಟಿ ಅದೇ ಶಾಲೆ, ಅದೇ ತರಗತಿ, ಅದೇ ಬೆಂಚು. ಬೆಂಚಿನ ಆ ತುದಿ ಚೋಟಿಯದು, ಈ ತುದಿ ಪುಟ್ಟಿಯದು. ಪುಟ್ಟಿಗೂ ಒಂದು ಹಸಿರು ಸೈಕಲ್ ಇತ್ತು.

"ಸೈಕಲ್ಲಿಗೆ ಬೀಗ ಹಾಕಿದೀನಿ," ಎಂದಳು ಹೆಂಡತಿ, ಆವತ್ತು ಸಂಜೆ ಕೈ ಒರೆಸಿಕೊಳ್ಳುತ್ತಾ. "ಕೀಲಿ ನನ್ನ ಹತ್ರ ಇದೆ. ಆ ತಿರುವಿನಲ್ಲಿ ಬಿಳಿ ಪಟ್ಟೆ ಬಂದು, ಅದರ ಮುಂದೊಂದು ಉಬ್ಬು ಬರೋವರೆಗೂ ಕೊಡಲ್ಲ."

"ಅಲ್ಲಿವರೆಗೂ ನಾನು ಹೇಗಮ್ಮಾ ಹೋಗ್ಲಿ?"

"ನಿಮ್ಮಪ್ಪನ್ನ ಕೇಳು. ರಸ್ತೆ ಎಂಜಿನಿಯರು ಅವರು, ನಾನಲ್ಲ."

"ಅಪ್ಪಾ, ಒಂದು ಉಬ್ಬು ಹಾಕೋಕೆ ಎಷ್ಟು ಹೊತ್ತು ಬೇಕು?"

"ಹಾಕೋಕೆ ಒಂದು ಬೆಳಗ್ಗೆ ಸಾಕು ಪುಟ್ಟಿ. ಹಾಕಬಹುದು ಅನ್ನಿಸೋಕೆ ಸ್ವಲ್ಪ ಹೊತ್ತು."

"ಪೈಪಿನವರು ಅಗೆದು ಮುಚ್ಚಿಹೋದ್ರಲ್ಲ, ನಮ್ಮನೆ ಮುಂದೆ," ಎಂದಳು ಹೆಂಡತಿ, "ಆ ಉಬ್ಬು ಯಾರನ್ನ ಕೇಳ್ಕೊಂಡು ಬಂತು?"

ಆ ಉಬ್ಬಿನ ಕಡತವನ್ನು ಇಲಾಖೆ ಇಂದಿಗೂ ಹುಡುಕುತ್ತಿದೆ.

ಆದರೆ ಅದೃಷ್ಟ ನೋಡಿ, ಅದೇ ವಾರ ಮೇಲಿನಿಂದ ಒಂದು ಆದೇಶ ಇಳಿಯಿತು. "ಶಾಲೆಯತ್ತ ಮಕ್ಕಳ ಸುರಕ್ಷಿತ ನಡೆಗೆ, ಸಮುದಾಯದ ನೆರವಿನೊಂದಿಗೆ, ಸೂಕ್ತ ಕ್ರಮ ವಹಿಸತಕ್ಕದ್ದು." ಒಂದೇ ವಾಕ್ಯ. ಅದನ್ನು ಓದಿದ ಆಗಲಿ ಸಾಹೇಬರ ಕಣ್ಣು ತುಂಬಿತು ಎಂದರೆ ಉತ್ಪ್ರೇಕ್ಷೆಯಲ್ಲ. ಕಾಲೇಜು ಬಿಟ್ಟ ಮೇಲೆ ಮೊದಲ ಬಾರಿಗೆ ಸ್ಕೇಲು, ಪೆನ್ಸಿಲ್ ಹಿಡಿದು ಕೂತು ಒಂದು ನಕಾಶೆ ಬರೆದರು: ತಿರುವಿನಲ್ಲಿ ದಪ್ಪ ಬಿಳಿ ಪಟ್ಟೆಗಳು, ಎರಡೂ ಕಡೆ ಉಬ್ಬು, ಅಂಚಿನಲ್ಲಿ ಕಾಲುದಾರಿ, ಅದರ ಪಕ್ಕ ಸೈಕಲ್ಲಿಗೆ ಒಂದು ಕಿರುಹಾದಿ. ಹಾದಿಯ ಮೇಲೆ ಒಂದು ಪುಟ್ಟ ಸೈಕಲ್ಲನ್ನೂ ಬರೆದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಹಸಿರು ಬಣ್ಣ ತುಂಬಿದರು.

ಕಚೇರಿಯ ಮುಖ್ಯಸ್ಥರಾದ ಅಧೀಕ್ಷಕರು ನಕಾಶೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು.

"ಏನ್ರೀ ಇದೆಲ್ಲ? ಆದೇಶದಲ್ಲಿ ಉಬ್ಬು ಅನ್ನೋ ಪದ ಎಲ್ಲಿದೆ, ತೋರ್ಸಿ."

"ಸುರಕ್ಷಿತ ನಡೆ ಅಂತಿದೆ ಸಾರ್."

"ನಡೆ ಅಂದ್ರೆ?"

"ನಡಿಗೆ ಸಾರ್."

"ನಡಿಗೆ ಅನ್ನೋದಾಗಿದ್ರೆ ನಡಿಗೆ ಅಂತಾನೇ ಬರೀತಿದ್ರು. ಮೇಲಿನವರಿಗೆ ಭಾಷೆ ಬರಲ್ವೇನ್ರೀ?"

ಇಲ್ಲಿ ಒಂದು ಚಿಕ್ಕ ವಿಷಯ ಹೇಳಿಬಿಡಬೇಕು. ಅಧೀಕ್ಷಕರಿಗೆ ಒಬ್ಬ ಭಾವಮೈದ. ಅವನಿಗೆ ಒಂದು ವ್ಯಕ್ತಿತ್ವ ವಿಕಸನ ಕೇಂದ್ರ. ಅಲ್ಲಿ ಈವರೆಗೆ ವಿಕಸನಗೊಂಡದ್ದು ಮಾಲೀಕನ ಹೊಟ್ಟೆ ಮಾತ್ರ. ಭಾವಮೈದ ಡಾಂಬರು, ಜಲ್ಲಿಯ ವ್ಯವಹಾರದಲ್ಲಿ ಇದ್ದಿದ್ದರೆ ನಡೆ ಎಂಬ ಪದಕ್ಕೆ ನಡಿಗೆ ಎಂಬ ಅರ್ಥವೇ ನಿಲ್ಲುತ್ತಿತ್ತೋ ಏನೋ. ಪದಗಳ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಂದು ಕಾಲೇಜಿನಲ್ಲಿ ನಮಗೆಲ್ಲ ಪಾಠ ಮಾಡಿದ್ದರು. ಭಾವಮೈದನಿಗೆ ತಕ್ಕಂತೆಯೂ ಬದಲಾಗುತ್ತದೆಂಬ ಭಾಗ ಪಠ್ಯದಲ್ಲಿ ಇರಲಿಲ್ಲ.

ಅರ್ಥನಿರ್ಣಯಕ್ಕಾಗಿ ಸಭೆ ಸೇರಿತು. ಭಾಷಾತಜ್ಞರಾಗಿ ಬಂದವರು ನಿಘಂಟು ಮೇಷ್ಟ್ರು. ಯಾರಾದರೂ "ಚೆನ್ನಾಗಿದ್ದೀರಾ" ಎಂದರೆ "ಯಾವ ಅರ್ಥದಲ್ಲಿ" ಎಂದು ಕೇಳುವಂಥವರು. ಮೇಷ್ಟ್ರು ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಹೇಳಿದರು:

"ನಡೆ, ನುಡಿ ಎಂದು ಜೋಡಿಯಾಗಿ ಹೇಳುತ್ತೇವೆ. ಅಲ್ಲಿ ನಡೆ ಎಂದರೆ ನಡತೆ. ಒಬ್ಬನ ನಡೆ ಸರಿಯಿಲ್ಲ ಎಂದರೆ ಅವನು ಕುಂಟುತ್ತಾನೆ ಅಂತಲೇ?"

ಸಭೆ ತಲೆದೂಗಿತು. ಆಗಲಿ ಸಾಹೇಬರು ಅವತ್ತು ತಮ್ಮ ಸ್ವಭಾವ ಮೀರಿ ಕೈ ಎತ್ತಿದರು.

"ಹಾಗಾದ್ರೆ ಆ ನಡತೆ ಲಾರಿಗಳಿಗೂ ಅನ್ವಯಿಸುತ್ತಾ ಮೇಷ್ಟ್ರೇ?"

"ಲಾರಿ ನಡೆಯುತ್ತದೆಯೋ, ಓಡುತ್ತದೆಯೋ?"

"ಓಡುತ್ತೆ."

"ಮತ್ತೆ? ಓಡುವುದಕ್ಕೆ ನಡೆ ಎಲ್ಲಿಂದ ಬರಬೇಕು?"

ಹಿಂದಿನ ಸಾಲಿನಿಂದ ಯಾರೋ "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದರು. ಸಭೆಯ ನಡವಳಿಯಲ್ಲಿ ಇದು "ವಿಷಯಕ್ಕೆ ಸಂಬಂಧಿಸದ ಪಶುವೈದ್ಯಕೀಯ ಪ್ರಸ್ತಾಪ" ಎಂದು ದಾಖಲಾಗಿದೆ.

ಉಳಿದದ್ದು ಸೈಕಲ್ಲು. "ಅದು ನಡೆಯುವುದೂ ಅಲ್ಲ, ಓಡುವುದೂ ಅಲ್ಲ," ಎಂದರು ಮೇಷ್ಟ್ರು. "ಸೈಕಲ್ಲನ್ನು ತುಳಿಯುತ್ತಾರೆ." ಆದ್ದರಿಂದ ಸೈಕಲ್ಲಿನ ಕಿರುಹಾದಿಗೆ ಸಂಬಂಧಿಸಿದ ಕಡತವನ್ನು ತುಳಿತಕ್ಕೊಳಗಾದವರ ಕಲ್ಯಾಣ ವಿಭಾಗಕ್ಕೆ ಕಳಿಸಲಾಯಿತು. ಆ ವಿಭಾಗ ಶ್ರದ್ಧೆಯಿಂದ ಪರಿಶೀಲಿಸಿ ಉತ್ತರಿಸಿತು: "ಪ್ರಸ್ತುತ ಪ್ರಕರಣದಲ್ಲಿ ತುಳಿತಕ್ಕೆ ಒಳಗಾಗಿರುವುದು ಸೈಕಲ್ಲೇ ಹೊರತು ಮಗುವಲ್ಲ. ಮಗು ಇಲ್ಲಿ ತುಳಿಯುವ ಪಕ್ಷ. ತುಳಿಯುವವರಿಗೆ ನೆರವಾಗುವ ವ್ಯವಸ್ಥೆ ಈ ವಿಭಾಗದಲ್ಲಿ ಅಧಿಕೃತವಾಗಿ ಇರುವುದಿಲ್ಲ."

ಹೀಗೆ ಮಕ್ಕಳ ಸುರಕ್ಷಿತ ನಡತೆಯ ತರಬೇತಿ ಭಾವಮೈದನ ಕೇಂದ್ರಕ್ಕೆ ಒಪ್ಪಿಸಲಾಯಿತು. ನಕಾಶೆಯ ಹಿಂಬದಿ ಖಾಲಿಯಿದ್ದುದರಿಂದ ಅದರ ಮೇಲೆ ಅಂದಿನ ಚಹಾದ ಲೆಕ್ಕ ಬರೆದರು.

ತರಬೇತಿಯ ದಿನ ಭಾವಮೈದನ ಕಾರು ಶಾಲೆಯ ಗೇಟಿನೊಳಗೆ ತಿರುಗಬೇಕಿತ್ತು. ದೊಡ್ಡ ಕಾರು. ಒಬ್ಬ ಜವಾನ ರಸ್ತೆಯ ಮಧ್ಯೆ ನಿಂತು ಕೈಯೆತ್ತಿದ. ಎರಡೂ ಕಡೆ ಲಾರಿಗಳು ಸದ್ದಿಲ್ಲದೆ ನಿಂತವು. ಆ ಸಂದಿನಲ್ಲಿ ಈಚೆಯ ಮಕ್ಕಳೆಲ್ಲ ಆಚೆಗೆ ದಾಟಿದರು. ಕೈ ಎತ್ತಿದರೆ ಲಾರಿ ನಿಲ್ಲುತ್ತದೆ ಎಂಬುದು ಇದರಿಂದ ಎಲ್ಲರಿಗೂ ತಿಳಿಯಬಹುದಿತ್ತು. ಕಾರು ಒಳಗೆ ಹೋಯಿತು, ಜವಾನ ಕೈ ಇಳಿಸಿದ, ವಿಷಯ ಅಲ್ಲಿಗೆ ಮುಗಿಯಿತು.

ಶಾಲೆಯ ಗೋಡೆಗೆ ಪ್ರಕಟಣೆ ಅಂಟಿಸಿದರು:

"ರಸ್ತೆಯ ಅಂಚಿಗೆ ಬರುವ ಪ್ರತಿ ಮಗುವೂ ಬಲಗೈಯನ್ನು ಎದೆಯ ಮೇಲಿಟ್ಟು, ಬರುತ್ತಿರುವ ವಾಹನಕ್ಕೆ ತಲೆಬಾಗತಕ್ಕದ್ದು. ವಾಹನದ ಗಾತ್ರಕ್ಕೆ ಅನುಗುಣವಾಗಿ ಬಾಗುವಿಕೆ ಹೆಚ್ಚತಕ್ಕದ್ದು. ವಾಹನ ನಿಲ್ಲದಿದ್ದಲ್ಲಿ ಅದಕ್ಕೆ ಅವಸರವಿದೆ ಎಂದು ತಿಳಿಯತಕ್ಕದ್ದು. ಬಲಗೈ ಮುರಿದಿರುವ ಮಕ್ಕಳು ಎಡಗೈ ಬಳಸಲು ವಿನಾಯಿತಿ ಕೋರಬಹುದು."

ವಿನಾಯಿತಿ ಕೋರಿದವಳು ಚೋಟಿ ಒಬ್ಬಳೇ. ಅದನ್ನು ಉದಾರವಾಗಿ ನೀಡಲಾಯಿತು.

"ಮಿತಿ ದಾಟಿದೋರು ಏನಾಗ್ತಾರೆ ಮಕ್ಕಳೇ?" ಎಂದು ಕೇಳಿದ ಭಾವಮೈದ.

"ಕೆಡ್ತಾರೆ ಸಾರ್."

"ರಸ್ತೆ ಅಂಚಿನ ಗೆರೆ ದಾಟಿದೋರು?"

"ಕೆಡ್ತಾರೆ ಸಾರ್."

"ಸಾರ್," ಎಂದಳು ಪುಟ್ಟಿ, "ನಮ್ಮ ಸ್ಕೂಲು ಗೆರೆ ಆಚೆಗಿದೆ."

ಭಾವಮೈದ ಅವಳ ಹತ್ತಿರ ಬಂದ. "ಯಾರಮ್ಮಾ ನಿಮ್ಮಪ್ಪ?"

"ರಸ್ತೆ ಎಂಜಿನಿಯರು."

"ಮತ್ತೆ? ಅಂಥೋರ ಮನೆ ಮಗಳು ಹೀಗೆ ಮಾತಾಡ್ಬಾರ್ದು. ಒಳ್ಳೆ ಮಕ್ಕಳು ಕಾಯ್ತಾರೆ."

ಕೊನೆಗೆ ಎಲ್ಲರ ಅಂಗಿಗೂ ಸನ್ನಡತೆ ಎಂಬ ಬಿಲ್ಲೆ ಚುಚ್ಚಿ ತರಬೇತಿ ಮುಗಿಸಿದರು.

ಫಲಿತಾಂಶ ಮರುದಿನವೇ ಕಂಡಿತು. ಮಕ್ಕಳು ಕಲಿಸಿದ್ದನ್ನು ಕಲಿಯುವುದಿಲ್ಲ ಎಂಬ ಆರೋಪ ಸುಳ್ಳು. ಬಿಲ್ಲೆ ಹಾಕಿಕೊಂಡ ಮಕ್ಕಳು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತು, ಬಂದ ಬಂದ ಲಾರಿಗೆಲ್ಲ ಬಾಗಿದರು. ಲಾರಿಗಳಿಗೆ ಅವಸರವಿತ್ತು. ಮಧ್ಯಾಹ್ನವಾದ ಮೇಲೆ ಮಕ್ಕಳು ಬುತ್ತಿ ಬಿಚ್ಚಿ ಅಲ್ಲೇ ತಿಂದು, ಸಂಜೆ ಮನೆಗೆ ಹೋದರು. ಬಿಲ್ಲೆ ಕಳೆದುಕೊಂಡಿದ್ದ ಕೆಲವು ಪುಂಡರು ಮಾತ್ರ ಲಾರಿಗಳ ನಡುವೆ ಓಡಿ ಶಾಲೆ ಸೇರಿಕೊಂಡರು. ಅವರನ್ನು ಶಿಸ್ತಿನ ಕ್ರಮವಾಗಿ ಬಿಲ್ಲೆ ಚುಚ್ಚಿ ವಾಪಸ್ಸು ಕಳಿಸಲಾಯಿತು.

ಆಗಲಿ ಸಾಹೇಬರು ಮಗಳ ಕೈ ಹಿಡಿದು, ಉಸಿರು ಬಿಗಿಹಿಡಿದು, ಓಡಿ ದಾಟಿಸಿದರು. ದಿನವೂ ಓಡಿದರು. ಆ ವಯಸ್ಸಿಗೆ ಓಟ ಒಗ್ಗದೆ, ಕಚೇರಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟುಕೊಂಡು ಕೂರುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ನೋಟೀಸು ಬಂತು: "ಇಲಾಖೆಯ ನೌಕರರೊಬ್ಬರು ಬಹಿರಂಗವಾಗಿ ಗೆರೆ ದಾಟುತ್ತಿರುವುದು, ಅದರಲ್ಲೂ ಓಡುತ್ತಿರುವುದು ಕಂಡುಬಂದಿದೆ. ಓಡುವುದು ನಡೆಯ ವ್ಯಾಪ್ತಿಗೆ ಬರುವುದಿಲ್ಲ."

ಈ ನಡುವೆ ಮುಖ್ಯೋಪಾಧ್ಯಾಯಿನಿಯವರ ಕಷ್ಟ ಬೇರೆ. ಶಾಲೆಯಲ್ಲಿ ಮೇಷ್ಟ್ರುಗಳಿದ್ದರು, ಪುಟ್ಟಿಯೊಬ್ಬಳ ಹೊರತು ಮಕ್ಕಳಿರಲಿಲ್ಲ. ಮಕ್ಕಳಿಲ್ಲವೆಂದು ಬರೆದರೆ ಶಾಲೆ ಮುಚ್ಚುತ್ತಾರೆ, ಇದ್ದಾರೆಂದು ಬರೆದರೆ ಸುಳ್ಳಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಗ್ಯ ಹೆಂಗಸು, ಕಿಟಕಿಯಿಂದ ರಸ್ತೆಯಾಚೆ ನಿಂತ ಸಾಲನ್ನು ನೋಡುತ್ತಾ ನೋಡುತ್ತಾ ಅವರಿಗೆ ಹೊಳೆಯಿತು. ಹಾಜರು, ಗೈರು ಎಂಬ ಎರಡರ ಜೊತೆಗೆ ಮೂರನೆಯದೊಂದನ್ನು ಜಾರಿಗೆ ತಂದರು: ದಾರಿಯಲ್ಲಿ. ದಾರಿಯಲ್ಲಿ ಇರುವ ಮಗು ಬಂದಿಲ್ಲವೆಂದೂ ಅಲ್ಲ, ಬಂದಿದೆಯೆಂದೂ ಅಲ್ಲ. ಶಿಕ್ಷಣ ಇಲಾಖೆ ಇದನ್ನು ಮೆಚ್ಚಿ, ಬೇರೆ ಶಾಲೆಗಳಿಗೂ ಸೂಚಿಸಿತು.

ನೋಟೀಸಿನ ಮರುದಿನ ಆಗಲಿ ಸಾಹೇಬರು ಅಧೀಕ್ಷಕರ ಮುಂದೆ ನಿಂತರು. ಉಬ್ಬು ಬೇಡ, ಹಾದಿ ಬೇಡ; ಗೋದಾಮಿನಲ್ಲಿ ಬಿಳಿ ಬಣ್ಣ ಬಿದ್ದಿದೆ, ಗಟ್ಟಿಯಾಗಿ ಹೋಗುವ ಮೊದಲು ನಾಲ್ಕು ಪಟ್ಟೆ ಎಳೆದುಬಿಡೋಣ ಎಂದರು. ಆಶ್ಚರ್ಯವೆಂದರೆ ಅಧೀಕ್ಷಕರು ಒಪ್ಪಿದರು. ಬಳಸದ ಬಣ್ಣಕ್ಕೆ ಮುಂದಿನ ವರ್ಷ ಉತ್ತರ ಹೇಳಬೇಕಲ್ಲ.

ಬಣ್ಣ ಹೊಡೆಯುವ ಗುತ್ತಿಗೆದಾರ ತಿರುವಿಗೆ ಬಂದು ನಿಂತು ನೋಡಿದ. ಒಂದು ಲಾರಿ ಹೋಯಿತು, ಅವನ ಟೋಪಿಯೂ ಅದರ ಜೊತೆ ಸ್ವಲ್ಪ ದೂರ ಹೋಯಿತು. ನೇರ ಕಚೇರಿಗೆ ಬಂದ.

"ಆ ರಸ್ತೇಲಿ ಕೂತು ಬಣ್ಣ ಹೊಡೆಯೋಕಾಗುತ್ತಾ ಸಾರ್? ಜೀವ ಹೋಗುತ್ತೆ. ನಮ್ಮ ಹುಡುಗರಿಗೂ ಹೆಂಡತಿ ಮಕ್ಕಳಿದಾರೆ."

"ನಿಜ ಕಣ್ರೀ," ಎಂದರು ಅಧೀಕ್ಷಕರು. "ಮೊದಲು ಸುರಕ್ಷತೆ. ವಾಹನ ಬರದೇ ಇರೋ ಜಾಗ ನೋಡಿ ಹೊಡೀರಿ."

"ಅಂಥ ಜಾಗ ಅಂದ್ರೆ ಸ್ಕೂಲಿನ ಮೈದಾನ ಒಂದೇ ಸಾರ್."

"ಅಲ್ಲೇ ಹೊಡೀರಿ. ಮಕ್ಕಳಿರೋ ಜಾಗಾನೂ ಅದೇ ಅಲ್ವೇ?"

ಆಗಲಿ ಸಾಹೇಬರು ಬಾಯಿ ತೆರೆದರು. ಈ ಸಲ ಬೇರೆ ಏನೋ ಹೇಳುವುದಿತ್ತು. ಅಧೀಕ್ಷಕರು ಕೈಯಾಡಿಸಿ ತಡೆದರು.

"ನಿಮ್ಮ ಮಗಳದ್ದು ತೊಂದರೆ ಅಂತ ನಂಗೊತ್ತು. ನಾನೂ ಮಕ್ಕಳೊಂದಿಗನೇ. ಈ ಯೋಜನೆ ಮೇಲ್ವಿಚಾರಣೆಗೆ ಅಂತ ನಿಮಗೊಂದು ಜೀಪು ಹಾಕಿಸಿದೀನಿ. ಡ್ರೈವರ್ ಸಮೇತ. ಬೆಳಗ್ಗೆ ಸ್ಕೂಲ್ ಹೊತ್ತಿಗೆ ಮೇಲ್ವಿಚಾರಣೆ ಇದ್ದೇ ಇರುತ್ತೆ, ಸಂಜೆ ಬಿಡೋ ಹೊತ್ತಿಗೂ ಇರುತ್ತೆ. ಆ ನೋಟೀಸಿಗೂ ಉತ್ತರ ಕೊಡೋದು ಬೇಡ. ಮೈದಾನಕ್ಕೆ ಒಂದು ಸಹಿ ಹಾಕಿಬಿಡಿ."

ಅವರು ತುಂಬ ಹೊತ್ತು ಯೋಚಿಸಿದರು ಎಂದು ಬರೆಯುವ ಆಸೆಯೇನೋ ಇದೆ. ಆದರೆ ಪೆನ್ನಿನ ಮುಚ್ಚಳ ಬಿಚ್ಚಲು ಹಿಡಿದಷ್ಟೇ ಹೊತ್ತು ಅದು.

"ಆಗಲಿ ಸಾರ್."

ಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಸಾಹೇಬರು ಹೇಳಿದರು: ಪಟ್ಟೆ ಬಂತು.

"ನಿಜವಾಗ್ಲೂ? ಎಲ್ಲಿ?"

"ಸ್ಕೂಲ್ ಮೈದಾನದಲ್ಲಿ."

ನಲ್ಲಿ ನಿಂತಿತು. "ಮೈದಾನದಲ್ಲಿ ಲಾರಿ ಓಡಾಡುತ್ವಾ?"

"ಇಲ್ಲ. ಅದಕ್ಕೇ ಅಲ್ಲಿ."

"ನಿಮ್ಮ ಇಲಾಖೆಗೆ ಬುದ್ಧಿ ಮಣ್ಣು ತಿನ್ನೋಕೆ ಹೋಗಿದೆಯಾ? ನಾಳೆ ಇನ್ನೊಂದು ಮಗು ನಮ್ಮ ವಾರ್ಡಿಗೆ ಬಂದ್ರೆ ಅದರ ಅಮ್ಮನಿಗೆ ನಾನೇನು ಹೇಳ್ಲಿ, ಪಟ್ಟೆ ಒಳಗಿದೆ ಕಣಮ್ಮಾ ಅಂತಲಾ? ಆ ಚೋಟಿ ಇವತ್ತಿಗೂ ಎಡಗೈಯಲ್ಲಿ ಬಾಗ್ತಾ ನಿಂತಿರುತ್ತೆ. ನೋಡೋಕಾಗಲ್ಲ ನನಗೆ."

"ಜೀಪೂ ಬಂದಿದೆ," ಎಂದರು ಸಾಹೇಬರು, ನೆಲ ನೋಡುತ್ತಾ. "ಪುಟ್ಟಿಗೆ."

ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಗೇಟಿನ ಒಳಗೇ ಹೋಗುತ್ತಾ ಅದು?"

"ಒಳಗೇ."

ಅವಳು ಮತ್ತೆ ನಲ್ಲಿ ತಿರುಗಿಸಿದಳು. "ಹಾಗೇ ನನ್ನನ್ನೂ ಆಸ್ಪತ್ರೆ ಹತ್ರ ಇಳಿಸಿ," ಎಂದಳು. "ಬಸ್ಸಿಗೆ ನಿಂತು ನಿಂತು ಕಾಲು ಬರ್ತಿಲ್ಲ."

ಮಾತಿಗೆ ತಪ್ಪುವವಳಲ್ಲ. ಪಟ್ಟೆ ಬರುವವರೆಗೂ ಎಂದಿದ್ದಳು, ಪಟ್ಟೆ ಬಂದಿತ್ತು; ತಿರುವು, ಉಬ್ಬು ಎಂದಿದ್ದನ್ನು ಯಾರೂ ನೆನಪಿಸಲಿಲ್ಲ. ಸೈಕಲ್ಲಿನ ಕೀಲಿಯನ್ನು ಪುಟ್ಟಿಯ ಕೈಗೆ ಕೊಟ್ಟಳು. ಹಸಿರು ಸೈಕಲ್ಲನ್ನು ಜೀಪಿನ ಹಿಂದೆ ಏರಿಸಿ, ಮೈದಾನದಲ್ಲಿ ಇಳಿಸಿ, ಪಟ್ಟೆಯ ಮೇಲೆ ತುಳಿಯುವುದೆಂದು ತೀರ್ಮಾನವಾಯಿತು.

ಮೈದಾನದ ಪಟ್ಟೆಗಳ ಉದ್ಘಾಟನೆ ವಿಜೃಂಭಣೆಯಿಂದ ನಡೆಯಿತು. ಮೇಲಿನಿಂದ ತಪಾಸಣೆ ತಂಡ ಬಂದು, ಪಟ್ಟೆಯ ಅಗಲ ಅಳೆದು, ಅದರ ಮೇಲೆ ಈವರೆಗೆ ಒಂದೂ ಅಪಘಾತ ಸಂಭವಿಸಿಲ್ಲವೆಂದು ದೃಢಪಡಿಸಿಕೊಂಡು, ಜಿಲ್ಲೆಗೇ ಮಾದರಿ ಎಂದು ಬರೆದುಹೋಯಿತು. ನಿಘಂಟು ಮೇಷ್ಟ್ರು ನಡೆ ಪದದ ಅಧಿಕೃತ ಅರ್ಥದ ಬಗ್ಗೆ ಉಪನ್ಯಾಸ ಮಾಡಿದರು. ಭಾವಮೈದನಿಗೆ ಇನ್ನಷ್ಟು ಶಾಲೆಗಳು ಸಿಕ್ಕವು. ಕೇಳುಗರ ಸಾಲಿನಲ್ಲಿ ಕುರ್ಚಿಗಳು ಖಾಲಿಯಿದ್ದವು; ಮಕ್ಕಳು ದಾರಿಯಲ್ಲಿದ್ದರು.

ಮೊದಲ ದಿನ ಜೀಪು ತಿರುವಿಗೆ ಬಂದಾಗ ಅಂಚಿನಲ್ಲಿ ನಿಂತಿದ್ದ ಸಾಲು ಒಟ್ಟಿಗೆ ಬಾಗಿತು. ಜೀಪು ಲಾರಿಗಿಂತ ಚಿಕ್ಕದು, ಸ್ಕೂಟರಿಗಿಂತ ದೊಡ್ಡದು. ಮಕ್ಕಳು ಅಷ್ಟೇ ಲೆಕ್ಕಕ್ಕೆ ಸೊಂಟದವರೆಗೆ ಬಾಗಿದ್ದರು. ಸಾಲಿನ ತುದಿಯಲ್ಲಿ ಚೋಟಿ, ಬಲಗೈ ಕತ್ತಿನಿಂದ ಇಳಿಬಿದ್ದ ಪಟ್ಟಿಯಲ್ಲಿ, ಎಡಗೈ ಎದೆಯ ಮೇಲೆ.

"ಅಪ್ಪಾ, ನಿಲ್ಸು. ಚೋಟಿನ ಹತ್ತಿಸ್ಕೊಳ್ಳೋಣ."

ಆಗಲಿ ಸಾಹೇಬರು ಡ್ರೈವರನ ಕಡೆ ನೋಡಿದರು. ಡ್ರೈವರ್ ಹತ್ತೂರು ಕಂಡವನು, ಅವನೇ ಉತ್ತರಿಸಿದ.

"ಇಲ್ಲಿ ನಿಲ್ಸೋಕೆ ಪಟ್ಟೆ ಎಲ್ಲಿದೆ ಪುಟ್ಟಿ? ಹಿಂದಗಡೆ ಲಾರಿ ಬರ್ತಿದೆ. ಅದಕ್ಕೆ ಅವಸರ."

ಸಾಹೇಬರ ಇಡೀ ಜೀವಮಾನದಲ್ಲಿ ಅವರಿಗೆ ಯಾರೂ ಬಾಗಿರಲಿಲ್ಲ. ಕಾಲರ್ ಸರಿಮಾಡಿಕೊಂಡರು. "ನೋಡು," ಎಂದರು ಮಗಳಿಗೆ, "ಎಷ್ಟು ಒಳ್ಳೆ ನಡತೆ ಕಲಿತಿದಾರೆ." ಧೂಳು ಏಳಿಸುತ್ತಾ ಜೀಪು ತಿರುಗಿ ಗೇಟಿನೊಳಗೆ ಹೋಯಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಆ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ತರಗತಿಯಲ್ಲಿ ಪುಟ್ಟಿ ಒಬ್ಬಳೇ. ಟೀಚರು ಎಂದಿನಂತೆ ಹೆಸರು ಕೂಗಲು ಶುರುಮಾಡಿದರು. ತನ್ನ ಹೆಸರಿಗೆ ಪುಟ್ಟಿ ಹಾಜರು ಎಂದಳು. ಮುಂದಿನ ಹೆಸರಿಗೆ ಯಾರೂ ಉತ್ತರಿಸಲಿಲ್ಲ. ಟೀಚರು ಕನ್ನಡಕದ ಮೇಲಿನಿಂದ ಅವಳನ್ನೇ ನೋಡುತ್ತಾ ಕಾದರು.

"ದಾರಿಯಲ್ಲಿ ಟೀಚರ್," ಎಂದಳು ಪುಟ್ಟಿ, ಸಣ್ಣಗೆ.

"ಸ್ವಲ್ಪ ಜೋರಾಗಿ ಹೇಳಮ್ಮ."

ಮೊದಮೊದಲು ಚೋಟಿಯ ಸರದಿ ಬಂದಾಗ ಬೆಂಚಿನ ಆ ತುದಿಯ ಕಡೆ ಕಣ್ಣು ಹೋಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಈಗ ಟೀಚರು ಹೆಸರು ಕೂಗಿ ಮುಗಿಸುವ ಮೊದಲೇ ದಾರಿಯಲ್ಲಿ, ದಾರಿಯಲ್ಲಿ, ದಾರಿಯಲ್ಲಿ ಎಂದು ಮಗ್ಗಿಯ ಹಾಗೆ ಒಪ್ಪಿಸಿ, ಗಂಟೆ ಹೊಡೆದ ಕೂಡಲೇ ಮೈದಾನಕ್ಕೆ ಹೋಗಿ ಸೈಕಲ್ ಹತ್ತುತ್ತಾಳೆ. ಪಟ್ಟೆ ಬಂದ ಕಡೆ ಇಳಿದು, ಬಲಗೈ ಎದೆಯ ಮೇಲಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಯಾರೂ ಇಲ್ಲದ ಕಡೆಗೆ ಬಾಗಿ, ಆಮೇಲೆ ದಾಟುತ್ತಾಳೆ.

ಮೇಲ್ವಿಚಾರಣಾ ವರದಿಯನ್ನು ಆಗಲಿ ಸಾಹೇಬರು ದಿನವೂ ತಪ್ಪದೆ ಕಳಿಸುತ್ತಾರೆ: ಪಟ್ಟೆ ದಾಟಿದವರು ಒಬ್ಬರು, ಅಪಘಾತ ಇಲ್ಲ, ಉಳಿದ ಮಕ್ಕಳೆಲ್ಲರೂ ಒಳ್ಳೆಯ ದಾರಿಯಲ್ಲಿದ್ದಾರೆ.